ಮೇಫ್ಲೈ ನಿಂಫ್ ಸಾಕುವ ಪೆಟ್ಟಿಗೆ: ಕಟ್ಟಿದ್ದು, ಕೆಟ್ಟಿದ್ದು, ಸರಿಮಾಡಿದ್ದು

ಹಳ್ಳದ ಕಲ್ಲು ಮಗುಚಿದಾಗ ಅಡಿಯಲ್ಲಿ ಚಪ್ಪಟೆಯಾಗಿ ಅಂಟಿಕೊಂಡು ಏಡಿಯ ಹಾಗೆ ಪಕ್ಕಕ್ಕೆ ಸರಿಯುವ ಹುಳು ಮೇಫ್ಲೈ ನಿಂಫ್ (ರೆಕ್ಕೆ ಬಂದ ಮೇಲೆ ಹೆಚ್ಚಾಗಿ ಒಂದೆರಡು ದಿನವಷ್ಟೇ ಬದುಕುವ ಮೇಫ್ಲೈ ಕೀಟದ, ನೀರಿನಲ್ಲಿ ಬೆಳೆಯುವ ಮರಿ) ಎಂದು ತಿಳಿಯಲು ಹತ್ತು ಪಟ್ಟಿನ ಲೆನ್ಸ್ ಸಾಕು. ಯಾವ ಕುಟುಂಬ ಎಂಬುದೂ ದಂಡೆಯ ಮೇಲೇ ಗೊತ್ತಾಗುತ್ತದೆ. ತೊಡಕು ಶುರುವಾಗುವುದು ಪ್ರಭೇದದ ಹೆಸರಿನಲ್ಲಿ. ಪ್ರಭೇದಗಳನ್ನು ಬೇರ್ಪಡಿಸುವ ಗುರುತು ಬಹುಪಾಲು ಗಂಡು ಹುಳುವಿನ ಹೊಟ್ಟೆಯ ತುದಿಯ ಜನನಾಂಗದಲ್ಲಿದೆ, ಅದು ಪೂರ್ತಿ ರೂಪುಗೊಳ್ಳುವುದು ರೆಕ್ಕೆ ಬಂದ ಮೇಲೆ. ದೀಪಕ್ಕೆ ಬಂದ ಹುಳುವೂ ಹಳ್ಳದ ನಿಂಫೂ ಒಂದೇ ಎಂದು ಹೇಳಬೇಕಾದರೆ ಡಿಎನ್‌ಎ ಹೋಲಿಸಬೇಕು, ಇಲ್ಲವೇ ನಿಂಫನ್ನು ರೆಕ್ಕೆ ಬರುವವರೆಗೆ ಸಾಕಿ, ಅದು ಕಳಚಿಟ್ಟ ಪೊರೆಯನ್ನೂ ಹುಳುವನ್ನೂ ಒಂದೇ ಶೀಶೆಗೆ ಹಾಕಬೇಕು. ಮೊದಲನೆಯದಕ್ಕೆ ಲ್ಯಾಬ್ ಬೇಕು. ಎರಡನೆಯದಕ್ಕೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಮೀನಿನ ತೊಟ್ಟಿಯ ಗಾಳಿ ಪಂಪು ಮತ್ತು ತಾಳ್ಮೆ ಸಾಕು.

ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಹಳ್ಳಗಳ ನಿಂಫ್‌ಗಳಿಗಾಗಿ ಕಟ್ಟಿದ ಪೆಟ್ಟಿಗೆ ಇದು. ಈಗ ಇರುವುದು ಮೂರನೇ ರೂಪ. ಮೊದಲೆರಡು ಏಕೆ ಕೆಟ್ಟವು ಎಂಬುದನ್ನೂ ಬರೆದಿದೆ, ಏಕೆಂದರೆ ಅಳತೆಗಳಿಗೆ ಕಾರಣ ಅಲ್ಲೇ ಇದೆ.

ಹಳ್ಳದಲ್ಲಿ ಹಿಡಿಯುವುದು

ಮಳೆಗಾಲದ ಕೆಂಪು ನೀರು ಇಳಿದು ಹಳ್ಳ ತಿಳಿಯಾದ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಕೆಲಸ ಸುಲಭ. ಆದರೆ ನವೆಂಬರ್-ಡಿಸೆಂಬರ್‌ನಿಂದ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ) ಶುರುವಾಗುತ್ತದೆ. ಪಲ್ಪರ್ ನೀರು ಸೇರಿದ ಕಡೆ ಸಿಹಿ ಲೋಳೆ ಕೊಳೆತು ಆಮ್ಲಜನಕ ಕುಸಿಯುವುದರಿಂದ ಅಲ್ಲಿ ಸಿಗುವುದು ಬಹುಪಾಲು ಕೆಂಪು ಕೈರೊನೊಮಿಡ್ ಹುಳುಗಳು (ಸೊಳ್ಳೆಯಂತೆ ಕಾಣುವ, ಕಚ್ಚದ ನೊಣದ ಮರಿಗಳು). ಪಲ್ಪರ್ ಮನೆಯಿಂದ ಮೇಲ್ಭಾಗದ ಹಳ್ಳ ಹುಡುಕಿ. ತೋಟದಲ್ಲಿ ಮಾಲೀಕರನ್ನು ಕೇಳಿಕೊಂಡೇ ಇಳಿಯಬೇಕು. ಭದ್ರಾ, ಕುದುರೆಮುಖದಂಥ ರಕ್ಷಿತ ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ನಿಂಫನ್ನೂ ಎತ್ತುವ ಹಾಗಿಲ್ಲ.

ಬಲೆ ಸರಳ. 1 ಮೀಟರ್ ಚೌಕದ ನೈಲಾನ್ ಜಾಲರಿ, ಎರಡು ಬದಿಗೆ 1.3 ಮೀಟರ್ ಉದ್ದದ ಅಡಕೆ ದಬ್ಬೆ. ದಬ್ಬೆಯ ಸಿಬಿರು ಉಜ್ಜಿ ತೆಗೆಯದಿದ್ದರೆ ಮೊದಲ ದಿನವೇ ಜಾಲರಿ ಹರಿಯುತ್ತದೆ. ಕೆಳ ಅಂಚಿನ ಮಡಿಕೆಯೊಳಗೆ ತೆಳು ಕಬ್ಬಿಣದ ಸರಪಳಿ ಹೊಲಿದರೆ ಅಂಚು ನೆಲಕ್ಕೆ ಕೂರುತ್ತದೆ. ಜಾಲರಿಯ ಕಣ್ಣು ಅರ್ಧ ಮಿಲಿಮೀಟರ್ ಇರಬೇಕು. 1 ಸೆಂ.ಮೀ.ಗೆ ಸುಮಾರು 13 ಕಣ್ಣು ಎಣಿಸಿಕೊಂಡು ಕೊಳ್ಳಿ. ಸೊಳ್ಳೆಪರದೆ ಹಾಕಿದರೆ ಸೀನಿಡೇ ಕುಟುಂಬದ ಸಣ್ಣ ನಿಂಫ್‌ಗಳೆಲ್ಲ ನುಸುಳಿ ಹೋಗುತ್ತವೆ. ಬಲೆಯನ್ನು ಹರಿವಿಗೆ ಅಡ್ಡ ಹಿಡಿದು, ಅದರ ಮುಂದಿನ ಅರ್ಧ ಮೀಟರ್ ಜಾಗದ ಕಲ್ಲುಗಳನ್ನು ಕೈಯಲ್ಲಿ ಉಜ್ಜಿ, ಕಾಲಲ್ಲಿ ಒಂದು ನಿಮಿಷ ಕೆದಕಿ, ಬಲೆಯನ್ನು ನೀರಿನ ಎದುರಿಗೆ ಗುಡಿಸಿದಂತೆ ಎತ್ತಬೇಕು. ಉಜ್ಜಿದ ಕಲ್ಲುಗಳನ್ನು ಇದ್ದಲ್ಲೇ ಮಗುಚಿಡಿ.

ಇಂಬಳಕ್ಕೆ ಹೊಗೆಸೊಪ್ಪು, ನಶ್ಯ ಹಚ್ಚುವ ರೂಢಿ ಇದೆ. ಆ ಕೈಯನ್ನು ಟ್ರೇಯೊಳಗೆ ಅದ್ದಬೇಡಿ, ನಿಕೋಟಿನ್ ಕೀಟಗಳಿಗೆ ವಿಷ. ಸೊಳ್ಳೆ ಕ್ರೀಮಿನ ಕೈಯೂ ದೂರವಿರಲಿ. ಕಾಲಿಗೆ ಉದ್ದ ಕಾಲುಚೀಲ, ಅದರ ಮೇಲೆ ಉಪ್ಪು ಹಾಕಿದ ಬಟ್ಟೆ ಸಾಕು.

ಬಿಳಿ ಟ್ರೇಗೆ ಎರಡು ಬೆರಳು ನೀರು ಹಾಕಿ ಬಲೆ ಕೊಡವಿ, ಅಲ್ಲಾಡಿಸದೆ ಎರಡು ನಿಮಿಷ ಬಿಡಿ. ಆಮೇಲೆ ಹುಳುಗಳು ತಾವಾಗಿ ಚಲಿಸತೊಡಗುತ್ತವೆ, ಚಲನೆಯೇ ಮೊದಲ ಗುರುತು. ಚಿಮಟ ಬಳಸಿದರೆ ಕಿವಿರು ಕಿತ್ತು ಬರುತ್ತದೆ. ಪ್ಲಾಸ್ಟಿಕ್ ಚಮಚ ಅಥವಾ ತುದಿ ಕತ್ತರಿಸಿದ ಡ್ರಾಪರ್ ಬಳಸಿ.

ಟ್ರೇಯಲ್ಲಿ ನೋಡುವ ಕ್ರಮ

ಮೊದಲು ಮೇಫ್ಲೈ ಹೌದೋ ಅಲ್ಲವೋ. ಬಾಲ ಎಣಿಸಿ ತೀರ್ಮಾನಿಸುವುದು ಎಲ್ಲರೂ ಮಾಡುವ ತಪ್ಪು. ಮೂರು ಬಾಲದೆಳೆ ಇದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ (ಹಳ್ಳದ ಕಲ್ಲಿನಡಿಯೇ ಬೆಳೆಯುವ ಇನ್ನೊಂದು ಕೀಟ) ಎಂಬ ಸೂತ್ರ ನಮ್ಮ ಹಳ್ಳಗಳಲ್ಲಿ ಕೈಕೊಡುತ್ತದೆ. ಎಪಿಯೋರಸ್ ಎಂಬ ಮೇಫ್ಲೈಗೆ ಎರಡೇ ಎಳೆ. ಏರೋಪ್ಲೇನ್ ಚಿಟ್ಟೆಯ ಸಪೂರ ಸಂಬಂಧಿ ಡ್ಯಾಮ್ಸೆಲ್‌ಫ್ಲೈಯ ಮರಿಗೂ ತುದಿಯಲ್ಲಿ ಮೂರು, ಆದರೆ ಅವು ಎಲೆಯಾಕಾರದ ಕಿವಿರು. ಗಟ್ಟಿ ಗುರುತು ಎರಡು: ಪ್ರತಿ ಕಾಲಿನ ತುದಿಯಲ್ಲಿ ಒಂದೇ ಉಗುರು, ಹೊಟ್ಟೆಯ ಬದಿಗಳಲ್ಲಿ ಕಿವಿರು. ಸ್ಟೋನ್‌ಫ್ಲೈಗೆ ಕಾಲಿಗೆ ಎರಡು ಉಗುರು, ಕಿವಿರು ಇದ್ದರೆ ಹೆಚ್ಚಾಗಿ ಎದೆಯ ಭಾಗದಲ್ಲಿ, ಕಾಲಿನ ಬುಡದ ಹತ್ತಿರ.

ಇನ್ನು ಕುಟುಂಬ. ಸಣ್ಣ ಮೀನಿನ ಹಾಗೆ ಚಂಗನೆ ಚಿಮ್ಮಿ ನಿಲ್ಲುವ, ಉದ್ದ ಮೀಸೆಯ, ದುಂಡಗಿನ ಸಪೂರ ದೇಹದ್ದು ಬೀಟಿಡೇ. ಮೈ ಚಪ್ಪಟೆ, ಕಣ್ಣು ತಲೆಯ ಮೇಲ್ಭಾಗದಲ್ಲಿ, ತಲೆ ತಟ್ಟೆಯಂತೆ ಅಗಲ ಇದ್ದರೆ ಹೆಪ್ಟಜೀನಿಯಿಡೇ. ಕಲ್ಲಿನಿಂದ ಬಿಡಿಸಲು ಹೋದರೆ ಇನ್ನಷ್ಟು ಒತ್ತಿ ಕೂರುತ್ತದೆ. ಹಾವಿನಂತೆ ಬಳುಕಿ ಈಜುವ, ಮೂರು ಬಾಲ ಅಗಲಿಸಿಕೊಂಡ, ಕವಲೊಡೆದ ಕಿವಿರಿನದ್ದು ಲೆಪ್ಟೊಫ್ಲೀಬಿಯಿಡೇ. ಕೊಳೆತ ಎಲೆಗಳ ಗುಂಪಿನಲ್ಲಿ ಇವು ಜಾಸ್ತಿ. ಕೆಸರು ಮೆತ್ತಿಕೊಂಡು ಸತ್ತಂತೆ ಬಿದ್ದಿರುವ 3-4 ಮಿ.ಮೀ.ನ ಹುಳುವನ್ನು ಕಸವೆಂದು ಎಸೆಯಬೇಡಿ. ಬ್ರಷ್ಷಿನಿಂದ ತೊಳೆದಾಗ ಹೊಟ್ಟೆಯ ಎರಡನೇ ಖಂಡದ ಕಿವಿರು ಚೌಕ ಮುಚ್ಚಳದಂತೆ ಉಳಿದವನ್ನು ಮುಚ್ಚಿದ್ದರೆ ಅದು ಸೀನಿಡೇ. ಮರಳು-ಮಣ್ಣು ಕೊರೆಯುವ, ಬಾಯಿಂದ ಎರಡು ದಂತ ಮುಂದೆ ಚಾಚಿದ, ಬೆನ್ನ ಮೇಲೆ ಗರಿಯಂಥ ಕಿವಿರು ಆಡಿಸುವ ದೊಡ್ಡದು ಎಫಿಮೆರಿಡೇ. ಕಿವಿರು ಏಳು ಜೊತೆಗಿಂತ ಕಡಿಮೆ ಇದ್ದು, ಕೆಲವು ಖಂಡಗಳು ಬೋಳಾಗಿದ್ದರೆ ಟೆಲೊಗನೋಡಿಡೇ ಅಥವಾ ಎಫಿಮೆರೆಲಿಡೇ ಕಡೆ ನೋಡಬೇಕು. ಪ್ರೊಸೊಪಿಸ್ಟೋಮ ಸಿಕ್ಕರೆ ಮೊದಲ ಸಲ ಯಾರೂ ಮೇಫ್ಲೈ ಎಂದು ನಂಬುವುದಿಲ್ಲ. ಕಿವಿರೆಲ್ಲ ಚಿಪ್ಪಿನಡಿ ಅಡಗಿ, ಪುಟ್ಟ ದುಂಡು ಜೀರುಂಡೆಯ ಹಾಗಿರುತ್ತದೆ.

ನೀರಿನ ಗುಣಮಟ್ಟ ಅಳೆಯುವವರಿಗೆ ಇಷ್ಟೇ ಸಾಕು. ಸಿಕ್ಕ ಹುಳುಗಳ ಕುಟುಂಬ ನೋಡಿ ನೀರಿಗೆ ಅಂಕ ಕೊಡುವ (ಅಂಕ ಹೆಚ್ಚಿದ್ದಷ್ಟೂ ನೀರು ಶುದ್ಧ) ಬಿಎಂಡಬ್ಲ್ಯೂಪಿ ಪದ್ಧತಿಯಲ್ಲಿ ಹೆಪ್ಟಜೀನಿಯಿಡೇ, ಲೆಪ್ಟೊಫ್ಲೀಬಿಯಿಡೇ, ಎಫಿಮೆರಿಡೇಗೆ 10, ಸೀನಿಡೇಗೆ 7, ಬೀಟಿಡೇಗೆ 4. ಬೀಟಿಡೇ ರಾಶಿ ಸಿಕ್ಕಿತೆಂದು ಹಳ್ಳ ಶುದ್ಧ ಎಂದು ಬರೆದುಬಿಡಬೇಡಿ.

ಸಾಕಲು ಆರಿಸುವುದು ಮಾತ್ರ ರೆಕ್ಕೆಮೊಗ್ಗು ಕಪ್ಪಾದವನ್ನು. ಎದೆಯ ಮೇಲಿನ ಮೊಗ್ಗಿನೊಳಗೆ ಮಡಿಸಿಟ್ಟ ರೆಕ್ಕೆ ಕಪ್ಪಗೆ ಕಂಡರೆ ಒಂದೆರಡು ದಿನದಲ್ಲಿ ಹೊರಬರುತ್ತದೆ. ಬೀಟಿಡೇ ಗಂಡಿನಲ್ಲಿ ಮುಂದೆ ಪೇಟದಂತಾಗುವ ಕಣ್ಣು ಆಗಲೇ ಚರ್ಮದಡಿ ಕಂದುಕೆಂಪಾಗಿ ಕಾಣುತ್ತದೆ, ಅಂಥದ್ದಕ್ಕೆ ಮೊದಲ ಆದ್ಯತೆ. ಎಳೆ ನಿಂಫ್‌ಗಳನ್ನು ತಿಂಗಳುಗಟ್ಟಲೆ ಸಾಕುವ ಹಂಬಲ ಬೇಡ.

ತರುವಾಗ ಬಾಟಲಿ ತುಂಬ ನೀರು ತುಂಬಿದರೆ ಜೀಪಿನ ಕುಲುಕಾಟದಲ್ಲಿ ಕಲ್ಲು, ಹುಳು ಎಲ್ಲ ಒಂದಕ್ಕೊಂದು ಬಡಿಯುತ್ತವೆ. ಅಗಲ ಬಾಯಿಯ ಡಬ್ಬಿಯಲ್ಲಿ ಹಳ್ಳದ ಹಾವಸೆ ತುಂಬಿ, ಅದು ತೋಯುವಷ್ಟೇ ನೀರು ಹಾಕಿ ಹುಳು ಬಿಡಿ. ಡಬ್ಬಿಗಳು ಥರ್ಮೋಕೋಲ್ ಪೆಟ್ಟಿಗೆಯಲ್ಲಿರಲಿ. ಬದಿಯಲ್ಲಿ ಬಟ್ಟೆ ಸುತ್ತಿದ ಐಸ್ ಬಾಟಲಿ ಇರಲಿ, ಡಬ್ಬಿಗೆ ತಾಗಬಾರದು. ಸ್ಟೋನ್‌ಫ್ಲೈ, ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ಜೊತೆಗೆ ಹಾಕಿದರೆ ಮನೆ ಮುಟ್ಟುವಾಗ ಮೇಫ್ಲೈ ಉಳಿದಿರುವುದಿಲ್ಲ. ಪೆಟ್ಟಿಗೆಗೆ ಬೇಕಾದ 15 ಲೀಟರ್ ನೀರನ್ನೂ ಅದೇ ಹಳ್ಳದಿಂದ ಕ್ಯಾನಿನಲ್ಲಿ ತನ್ನಿ.

ಪೆಟ್ಟಿಗೆ

ಹೊರ ಪೆಟ್ಟಿಗೆ 40×30 ಸೆಂ.ಮೀ., 25 ಸೆಂ.ಮೀ. ಎತ್ತರದ ಪಾರದರ್ಶಕ ಪ್ಲಾಸ್ಟಿಕ್ ಬಾಕ್ಸ್. ನೀರಿನ ಆಳ 10 ಸೆಂ.ಮೀ., ಅಂದರೆ 12 ಲೀಟರ್. ಒಳಗೆ ಆರು ಒಂಟಿ ಕೋಣೆ: ಚಕ್ಕುಲಿ, ಕೋಡುಬಳೆ ತುಂಬಿ ಮಾರುವ ಪಾರದರ್ಶಕ ಡಬ್ಬಿ, 8 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ. ಡಬ್ಬಿಗೊಂದೇ ನಿಂಫ್. ಎರಡು ಹಾಕಿದರೆ ಯಾವ ಪೊರೆ ಯಾರದ್ದು ಎಂಬ ಜಗಳ ಬಗೆಹರಿಯದು, ಇಡೀ ಪ್ರಯತ್ನ ದಂಡ.

ಪ್ರತಿ ಡಬ್ಬಿಯ ಎರಡು ಎದುರು ಬದಿಗಳಲ್ಲಿ, ತಳದಿಂದ 2 ಸೆಂ.ಮೀ. ಬಿಟ್ಟು, 4 ಸೆಂ.ಮೀ. ಅಗಲ 6 ಸೆಂ.ಮೀ. ಎತ್ತರದ ಕಿಟಕಿ ಕತ್ತರಿಸಿ ಅದೇ ಅರ್ಧ ಮಿಲಿಮೀಟರ್ ಜಾಲರಿ ಅಂಟಿಸಬೇಕು. ಮೊದಲ ರೂಪದಲ್ಲಿ ಗ್ಲೂ ಗನ್ನಿನ ಅಂಟು ಬಳಸಿದ್ದು ನಾಲ್ಕನೇ ದಿನಕ್ಕೆ ಬಿಟ್ಟುಕೊಂಡಿತು. ನುಣುಪು ಪ್ಲಾಸ್ಟಿಕ್ಕಿಗೆ ಅದು ಮೇಲ್ಮೈಯಲ್ಲಷ್ಟೇ ಕೂರುತ್ತದೆ, ತಣ್ಣೀರಿನಲ್ಲಿ ಗಡಸಾಗಿ ಸಿಪ್ಪೆಯಂತೆ ಏಳುತ್ತದೆ. ಈಗ ಅಂಚನ್ನು 120 ನಂಬರ್ ಸ್ಯಾಂಡ್ ಪೇಪರಿನಲ್ಲಿ ಒರಟು ಮಾಡಿ ಅಕ್ವೇರಿಯಂ ಸಿಲಿಕೋನ್ ಹಚ್ಚಿ 48 ಗಂಟೆ ಒಣಗಿಸುವುದು. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ನೀರಿಗಿಳಿಸಬಾರದು. ಬಾತ್‌ರೂಮ್ ಸಿಲಿಕೋನ್ ತರಬೇಡಿ, ಬೂಷ್ಟು ಹಿಡಿಯದಿರಲೆಂದು ಅದರಲ್ಲಿ ಸೇರಿಸಿದ್ದು ಹುಳುವನ್ನೂ ಕೊಲ್ಲುತ್ತದೆ.

ಡಬ್ಬಿಯ ತಳಕ್ಕೆ ಹಳ್ಳದ ಎರಡು ಬೆಣಚುಕಲ್ಲು. ತಳದಿಂದ ಮುಚ್ಚಳದವರೆಗೆ 3 ಸೆಂ.ಮೀ. ಅಗಲದ ಜಾಲರಿ ಪಟ್ಟಿ, ಹುಳು ಹತ್ತಿ ಬರುವ ಏಣಿ. ಬಾಯಿಗೆ ಜಾಲರಿ, ರಬ್ಬರ್ ಬ್ಯಾಂಡ್. ನೀರಿನ ಮೇಲೆ 5 ಸೆಂ.ಮೀ. ಖಾಲಿ ಜಾಗ ಉಳಿಯುತ್ತದೆ.

ಹರಿವು ಕೊಡುವುದೇ ಇಲ್ಲಿ ಮುಖ್ಯ ಕೆಲಸ. ಮೊದಲ ರೂಪದಲ್ಲಿ ಕೂಲರಿನ 18 ವ್ಯಾಟ್ ಮುಳುಗು ಪಂಪಿತ್ತು. ಹರಿವು ಚೆನ್ನಾಗಿತ್ತು, ಸಂಜೆಯೊಳಗೆ ನೀರು ಬೆಚ್ಚಗಾಗಿತ್ತು. ಲೆಕ್ಕ ನೇರ: 18 ವ್ಯಾಟ್ ಒಂದು ಗಂಟೆಯಲ್ಲಿ ಸುಮಾರು 65 ಕಿಲೋಜೂಲ್, 12 ಲೀಟರ್ ನೀರನ್ನು 1 ಡಿಗ್ರಿ ಏರಿಸಲು 50 ಕಿಲೋಜೂಲ್ ಸಾಕು. ಶಾಖ ಹೊರಹೋಗುವುದನ್ನು ಬಿಟ್ಟರೆ ಗಂಟೆಗೆ 1.3 ಡಿಗ್ರಿ. ಸಮುದ್ರಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 28 ಡಿಗ್ರಿಯಲ್ಲಿ 7.8 ಮಾತ್ರ. ಸಾವಿರ ಮೀಟರ್ ಎತ್ತರದ ನಮ್ಮ ಕಡೆ ಅದರಲ್ಲೂ ಹತ್ತರಲ್ಲೊಂದು ಪಾಲು ಖೋತಾ. ಬಿಸಿಗೆ ಹುಳುವಿಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ, ನೀರಿನಲ್ಲಿರುವುದು ಕಡಿಮೆಯಾಗುತ್ತದೆ. ಹೆಪ್ಟಜೀನಿಯಿಡೇಗಳು ಮೊದಲು ಹೋದವು.

ಈಗಿರುವುದು ಗಾಳಿಯಿಂದ ನೀರೆತ್ತುವ ಕೊಳವೆ. 20 ಮಿ.ಮೀ. ಪಿವಿಸಿ ಪೈಪಿನ 8 ಸೆಂ.ಮೀ. ತುಂಡು, ಮೇಲೆ ಒಂದು ಎಲ್ಬೋ. ಸಾಲ್ವೆಂಟ್ ಬೇಡ, ಒತ್ತಿ ಸಿಕ್ಕಿಸಿದರೆ ಸಾಕು. ಕೆಳತುದಿಗೆ ನಾಲ್ಕು ಕಚ್ಚು ಕೊಯ್ದು ಜಾಲರಿ ಕಟ್ಟಿ. ತಳದಿಂದ ಒಂದೂವರೆ ಸೆಂ.ಮೀ. ಮೇಲೆ ತೂತು ಕೊರೆದು ಗಾಳಿ ಟ್ಯೂಬ್ ತೂರಿಸಿ. ಗುಳ್ಳೆ ಏರುವಾಗ ನೀರನ್ನೂ ಎಳೆದುಕೊಂಡು ಎಲ್ಬೋ ಬಾಯಿಂದ ಹೊರದಬ್ಬುತ್ತದೆ. ಎಲ್ಬೋ ಬಾಯಿ ಅರ್ಧ ಮುಳುಗಿರಬೇಕು, ನೀರಿನಿಂದ 2 ಸೆಂ.ಮೀ. ಮೇಲೆದ್ದರೂ ಈ ಆಳದಲ್ಲಿ ಹರಿವು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನೀರು ಆರಿದಂತೆ ಇದೇ ಆಗುವುದರಿಂದ ಬಾಕ್ಸಿನ ಮೇಲೆ ಗೆರೆ ಎಳೆದು ದಿನವೂ ಅಷ್ಟಕ್ಕೆ ತುಂಬಿಸಿ. ಇಂಥ ಎರಡು ಕೊಳವೆಯನ್ನು ಎದುರುಬದುರು ಮೂಲೆಯಲ್ಲಿ, ಬಾಯಿ ವಿರುದ್ಧ ದಿಕ್ಕಿಗೆ ಇಟ್ಟರೆ ನೀರು ಗಾಣದಂತೆ ಸುತ್ತುತ್ತದೆ. ಡಬ್ಬಿಗಳ ಕಿಟಕಿ ಆ ಸುತ್ತಿಗೆ ಎದುರಾಗಿರಲಿ. ಕಾಫಿ ಪುಡಿಯ ಚಿಟಿಕೆ ಹಾಕಿ ನೋಡಿದರೆ ಎಲ್ಲಿ ನೀರು ನಿಂತಿದೆ ಎಂದು ತಕ್ಷಣ ಕಾಣುತ್ತದೆ. ನೋಡಿದ ಮೇಲೆ ಆ ನೀರು ಚೆಲ್ಲಿ, ಹುಳು ಬಿಡುವ ಮೊದಲು.

ಎರಡು ಬಾಯಿಯ ಅಕ್ವೇರಿಯಂ ಗಾಳಿ ಪಂಪು ಸಾಕು. ಟ್ಯೂಬಿನಲ್ಲಿ ಹಿಂದಿರುಗದಂತೆ ತಡೆಯುವ ವಾಲ್ವ್ ಹಾಕಿ, ಇಲ್ಲವೇ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಕರೆಂಟ್ ಹೋದಾಗ ನೀರು ಟ್ಯೂಬಿನಲ್ಲಿ ಹಿಂದೆ ಬಂದು ಪಂಪಿನೊಳಗೆ ಸೇರುತ್ತದೆ. ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಪ್ರಶ್ನೆಯೇ ಅಲ್ಲ, ಎಷ್ಟು ಹೊತ್ತು ಎಂಬುದೇ ಪ್ರಶ್ನೆ. ಒಂದೂವರೆ ವ್ಯಾಟಿನ ಯುಎಸ್‌ಬಿ ಗಾಳಿ ಪಂಪು 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 15 ಗಂಟೆ ಓಡುತ್ತದೆ. ಇಲ್ಲಿ ಒಂದು ಮರ್ಮ: ಎಳೆಯುವ ಕರೆಂಟ್ ತೀರಾ ಕಡಿಮೆಯಾದರೆ ಕೆಲವು ಪವರ್ ಬ್ಯಾಂಕ್‌ಗಳು ಫೋನ್ ಚಾರ್ಜ್ ಮುಗಿಯಿತೆಂದುಕೊಂಡು ತಾವೇ ಆಫ್ ಆಗುತ್ತವೆ. ಒಂದು ರಾತ್ರಿ ಹುಳುವಿಲ್ಲದ ನೀರಿನಲ್ಲಿ ಓಡಿಸಿ ಪರೀಕ್ಷಿಸಿದ ಮೇಲೆ ನಂಬಿ.

ತಂಪಿಗೆ ಗೋಣಿಚೀಲ. ಬಾಕ್ಸಿನ ಸುತ್ತ ಒದ್ದೆ ಗೋಣಿ ಸುತ್ತಿ, ಅದರ ಅಂಚು ಕೆಳಗಿನ ನೀರಿನ ತಟ್ಟೆಯಲ್ಲಿ ಅದ್ದಿರಲಿ. ಮಾರ್ಚ್-ಏಪ್ರಿಲಿನ ಒಣಗಾಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಳ್ಳದಲ್ಲಿ ಅಳೆದ ತಾಪಕ್ಕಿಂತ 3 ಡಿಗ್ರಿಗಿಂತ ಹೆಚ್ಚು ಏರದಂತೆ ನೋಡಿಕೊಂಡರೆ ಸಾಕು. ಮೇವಿಗೆ ಹಳ್ಳದ ಪಾಚಿಗಟ್ಟಿದ ಕಲ್ಲು, ಲೆಪ್ಟೊಫ್ಲೀಬಿಯಿಡೇಗೆ ಕೊಳೆತ ಎಲೆ. ಮೂರು-ನಾಲ್ಕು ದಿನಕ್ಕೊಮ್ಮೆ ಬದಲಿಸಿ. ಮೀನಿನ ಆಹಾರ ಹಾಕಿದರೆ ನೀರು ಹಳಸುವುದಷ್ಟೇ ಲಾಭ.

ಎಪಿಯೋರಸ್‌ಗೆ ಈ ಪೆಟ್ಟಿಗೆ ಆಗದು. ಕಿವಿರುಗಳನ್ನೇ ಬಟ್ಟಲಿನಂತೆ ಜೋಡಿಸಿ ಜಲಪಾತದ ಕಲ್ಲಿಗೆ ಅಂಟುವ ಹುಳುವಿಗೆ ಈ ಸುತ್ತು ನೀರು ಏನೇನೂ ಸಾಲದು. ಅದನ್ನು ಅದೇ ಡಬ್ಬಿಯಲ್ಲಿ ಹಾಕಿ, ಬಳ್ಳಿಯಿಂದ ಬಿಗಿದು, ಹಳ್ಳದಲ್ಲೇ ಅರ್ಧ ಮುಳುಗಿಸಿ ಇಡುವುದು ಲೇಸು.

ಎಲ್ಲ ಸರಿಯಿದ್ದೂ ಸತ್ತಾಗ

ಎರಡನೇ ರೂಪದಲ್ಲಿ ತಾಪ, ಹರಿವು ಎರಡೂ ಸರಿಯಿದ್ದವು. ಆದರೂ ಒಂದೇ ರಾತ್ರಿಯಲ್ಲಿ ಆರಕ್ಕೆ ಆರೂ ಹುಳು ಕಾಲು ನಡುಗಿಸುತ್ತ ಮಗುಚಿ ಬಿದ್ದವು. ಕಾರಣ ನೀರಿನಲ್ಲಿರಲಿಲ್ಲ, ಗಾಳಿಯಲ್ಲಿತ್ತು: ಕೋಣೆಯಲ್ಲಿ ಸೊಳ್ಳೆ ಓಡಿಸುವ ಲಿಕ್ವಿಡ್ ಯಂತ್ರ ಉರಿಯುತ್ತಿತ್ತು. ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಆ ಲಿಕ್ವಿಡ್ಡಿನಲ್ಲಿರುವ ಪೈರಿಥ್ರಾಯ್ಡ್ ಎಂಬ ಕೀಟನಾಶಕ ರಾತ್ರಿಯಿಡೀ ಗುಳ್ಳೆಗುಳ್ಳೆಯಾಗಿ ನೀರು ಸೇರಿತು. ಸೊಳ್ಳೆಬತ್ತಿ, ಜಿರಳೆ ಸ್ಪ್ರೇಗೂ ಇದೇ ಮಾತು. ಪಂಪನ್ನು ಜಗಲಿಗೆ ಸಾಗಿಸಿ, ಟ್ಯೂಬ್, ನೀರು, ಜಾಲರಿ ಎಲ್ಲ ಬದಲಿಸಿದ ಮೇಲೆ ಸರಿಹೋಯಿತು.

ತಾಮ್ರ ಇನ್ನೊಂದು. ಮುಂಗಾರಿಗೆ ಮುಂಚೆ ಅರೇಬಿಕಾ ಗಿಡಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ಡ್ರಮ್ಮು, ಬಕೆಟ್ಟು, ಪೈಪು ಎಷ್ಟು ತೊಳೆದರೂ ಈ ಕೆಲಸಕ್ಕೆ ಬೇಡ. ಜಲಕೀಟಗಳನ್ನು ಕೊಲ್ಲಲು ಮೈಲುತುತ್ತದ ಲವಲೇಶ ಸಾಕು. ತಾಮ್ರದ ಹಂಡೆಯ ನೀರೂ ಬೇಡ. ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. ಆರಿದ ನೀರಿಗೆ ಬದಲಾಗಿ ಮಳೆನೀರನ್ನೋ ಹಳ್ಳದ ನೀರನ್ನೋ ಸೇರಿಸಿ.

ಹೊಸ ಪೆಟ್ಟಿಗೆಯನ್ನು ಪರೀಕ್ಷಿಸಲು ಕ್ಲೋಯಾನ್ ಒಳ್ಳೆಯದು. ಸಿಮೆಂಟ್ ತೊಟ್ಟಿ, ಕೆರೆಯಂಚಿನ ನಿಂತ ನೀರಿನಲ್ಲಿ ಸಿಗುವ ಬೀಟಿಡೇ ಇದು, ಹರಿವು ಬೇಡುವುದಿಲ್ಲ. ಅದೂ ಬದುಕದಿದ್ದರೆ ಪೆಟ್ಟಿಗೆಯಲ್ಲಿ ವಿಷ ಇದೆ ಎಂದೇ ಅರ್ಥ.

ರೆಕ್ಕೆ ಬಂದ ಮೇಲೆ

ಮೇಫ್ಲೈಗೆ ರೆಕ್ಕೆ ಬಂದ ಮೇಲೂ ಒಂದು ಪೊರೆ ಕಳಚುವುದಿದೆ, ಬೇರೆ ಯಾವ ಕೀಟಕ್ಕೂ ಇದಿಲ್ಲ. ಮೊದಲು ಹೊರಬರುವುದು ಸಬ್‌ಇಮ್ಯಾಗೊ: ರೆಕ್ಕೆ ಮಸುಕು, ಅಂಚಿನಲ್ಲಿ ಸಣ್ಣ ರೋಮ. ಎರಡನೆಯದು ಇಮ್ಯಾಗೊ: ರೆಕ್ಕೆ ಗಾಜಿನಂತೆ ತಿಳಿ. ಗುರುತಿಗೆ ಬೇಕಾದ್ದು ಇಮ್ಯಾಗೊ. ಸೀನಿಡೇಗೆ ಈ ನಡುವಣ ಹಂತ ಕೆಲವೇ ನಿಮಿಷ, ಹೆಪ್ಟಜೀನಿಯಿಡೇಗೆ ಒಂದು ರಾತ್ರಿ ಅಥವಾ ಇನ್ನೂ ಹೆಚ್ಚು.

ಕಷ್ಟವೆಲ್ಲ ಇಲ್ಲೇ. ಮೊದಲ ರೂಪದಲ್ಲಿ ಡಬ್ಬಿಯೊಳಗೇ ಗುಳ್ಳೆ ಬಿಡುವ ಗಾಳಿಗಲ್ಲೂ ಇತ್ತು. ಗುಳ್ಳೆ ಒಡೆದ ಹನಿ ಗೋಡೆಗೆಲ್ಲ ಸಿಡಿದು, ಹೊರಬಂದ ಹುಳುವಿನ ರೆಕ್ಕೆ ಹನಿಗೆ ಅಂಟಿ ಮುದುಡಿಹೋಯಿತು. ಆದ್ದರಿಂದಲೇ ಈಗ ಗುಳ್ಳೆಯೆಲ್ಲ ಡಬ್ಬಿಯ ಹೊರಗೆ. ನೀರಿನ ಮೇಲಿನ ಗೋಡೆಗೆ ಒಳಗಿನಿಂದ ಒಣ ಕಾಟನ್ ಬಟ್ಟೆಯ ಪಟ್ಟಿ ಅಂಟಿಸಿದರೆ ಹುಳುವಿಗೆ ಕಾಲೂರಲು ಜಾಗ. ಸಬ್‌ಇಮ್ಯಾಗೊವನ್ನು ಬೆರಳಲ್ಲಿ ಹಿಡಿಯಬಾರದು. ಜಾಲರಿ ತುಂಡೊಂದನ್ನು ಮುಂದಿಟ್ಟರೆ ತಾನೇ ಹತ್ತುತ್ತದೆ. ಅದನ್ನು ಕಾಗದದ ಲೋಟಕ್ಕೆ ಹಾಕಿ, ತಳದಲ್ಲಿ ಒದ್ದೆ ಹತ್ತಿ, ಬಾಯಿಗೆ ಜಾಲರಿ ಇಟ್ಟು, ಫ್ಯಾನಿನ ಗಾಳಿ ತಾಗದ ಮೂಲೆಯಲ್ಲಿಡಿ. ಒಣಗಾಳಿಯಲ್ಲಿ ಪೊರೆ ಅರ್ಧ ಕಳಚಿ ಬಾಲದಲ್ಲೋ ಮುಂಗಾಲಿನಲ್ಲೋ ಸಿಕ್ಕಿಕೊಂಡು ಹುಳು ಸಾಯುತ್ತದೆ. ಹತ್ತಿ ಹಿಂಡಿದರೆ ನೀರು ಹನಿಯಬಾರದು, ಮುಟ್ಟಿದರೆ ತಂಪಿರಬೇಕು, ಅಷ್ಟು ತೇವ.

ಇಮ್ಯಾಗೊ ಆದ ಕೂಡಲೇ ಸ್ಪಿರಿಟ್ಟಿಗೆ ಹಾಕಿದರೆ ಬಣ್ಣ ಬಲಿತಿರುವುದಿಲ್ಲ. ನಾಲ್ಕೈದು ಗಂಟೆ ಬಿಡಿ. ಬಾಯಿ ಬೆಳೆಯದ ಹುಳು ಇದು, ಏನೂ ತಿನ್ನುವುದಿಲ್ಲ. ಹೆಚ್ಚಿನವು ಒಂದೆರಡು ದಿನದಲ್ಲೇ ಮುಗಿಯುತ್ತವೆ. ಕೆಲವು ಕ್ಲೋಯಾನ್ ಹೆಣ್ಣುಗಳು ಮಾತ್ರ ಮೊಟ್ಟೆ ಹೊಟ್ಟೆಯಲ್ಲೇ ಬಲಿಯುವವರೆಗೆ ವಾರಗಟ್ಟಲೆ ಬದುಕುವುದುಂಟು.

ನಿಂಫಿನ ಪೊರೆ ನೀರಿನ ಮೇಲೆ ತೇಲುತ್ತಿರುತ್ತದೆ. ಬೆಳಗ್ಗೆ ಮತ್ತು ಮುಸ್ಸಂಜೆಯ ನಂತರ ಎರಡು ಹೊತ್ತು ನೋಡಿ ಎತ್ತಿ. ತಡವಾದರೆ ಬೂಷ್ಟು ಹಿಡಿದು ಪುಡಿಯಾಗುತ್ತದೆ. ಬಾಯಿಯ ಭಾಗಗಳು, ಉಗುರಿನ ಹಲ್ಲುಗಳು ಎಲ್ಲವೂ ಅದರಲ್ಲೇ ಇವೆ. ಒಂದು ಹನಿ ಗ್ಲಿಸರಿನ್ ಹಾಕಿ ಸ್ಲೈಡಿನ ಮೇಲೆ ಬಿಡಿಸಿದರೆ ಶಾಲೆಯ ಸೂಕ್ಷ್ಮದರ್ಶಕದಲ್ಲೂ ಕಾಣುತ್ತವೆ.

ದೊಡ್ಡ ಹುಳುವಿನ ಗುರುತಿಗೆ ಮೊದಲು ಬಾಲ, ಆಮೇಲೆ ಹಿಂರೆಕ್ಕೆ. ನಿಂಫಿಗೆ ಮೂರು ಬಾಲವಿದ್ದರೂ ಬೀಟಿಡೇ, ಹೆಪ್ಟಜೀನಿಯಿಡೇ ದೊಡ್ಡದಾದಾಗ ಎರಡೇ ಉಳಿಯುತ್ತವೆ. ಬಾಲ ಮುರಿದಿದೆ ಎಂದುಕೊಂಡು ಬಿಸಾಡಿದವರಿದ್ದಾರೆ. ಲೆಪ್ಟೊಫ್ಲೀಬಿಯಿಡೇ, ಸೀನಿಡೇ, ಎಫಿಮೆರಿಡೇಗೆ ಮೂರು. ಸೀನಿಡೇಗೆ ಹಿಂರೆಕ್ಕೆ ಇಲ್ಲ, ಬೀಟಿಡೇಗೆ ತೀರಾ ಚಿಕ್ಕದು ಅಥವಾ ಇಲ್ಲ. ಮುಂರೆಕ್ಕೆಯ ಅಂಚಿನಲ್ಲಿ ಯಾವುದಕ್ಕೂ ಸೇರದ ಗಿಡ್ಡ ನರಗಳು ಒಂಟಿಯಾಗಿಯೋ ಜೋಡಿಯಾಗಿಯೋ ಸಾಲಾಗಿದ್ದರೆ ಬೀಟಿಡೇ. ಗಂಡಿಗೆ ಉದ್ದ ಮುಂಗಾಲು, ದೊಡ್ಡ ಕಣ್ಣು, ಹೊಟ್ಟೆಯ ತುದಿಯಲ್ಲಿ ಇಕ್ಕಳ. ಮೊದಲ ಮಳೆಗೆ ದೀಪಕ್ಕೆ ಮುತ್ತುವ ಮಳೆಹುಳ ಮೇಫ್ಲೈ ಅಲ್ಲ, ರೆಕ್ಕೆ ಬಂದ ಗೆದ್ದಲು. ಅದರ ನಾಲ್ಕು ರೆಕ್ಕೆಯೂ ಒಂದೇ ಅಳತೆ, ಬೆನ್ನ ಮೇಲೆ ಮಲಗಿರುತ್ತವೆ, ಬಾಲವಿಲ್ಲ. ಮೇಫ್ಲೈ ರೆಕ್ಕೆಯನ್ನು ಹಾಯಿಯಂತೆ ನೆಟ್ಟಗೆ ಎತ್ತಿ ಕೂರುತ್ತದೆ.

ಶೀಶೆಗೆ 80 ಶೇಕಡ ಎಥನಾಲ್. 95 ಶೇಕಡದ್ದು 80 ಮಿ.ಲೀ.ಗೆ 15 ಮಿ.ಲೀ. ಭಟ್ಟಿ ಇಳಿಸಿದ ನೀರು ಸೇರಿಸಿ. ಎಥನಾಲ್ ಸಿಗದಿದ್ದರೆ ಐಸೊಪ್ರೊಪೈಲ್ ನಡೆಯುತ್ತದೆ, ಆದರೆ ಕಾಲು ಬೇಗ ಸೆಡೆತು ಮುರಿಯುತ್ತದೆ. ಮಾರನೇ ದಿನ ಒಮ್ಮೆ ದ್ರವ ಬದಲಿಸಿ, ಹುಳುವಿನ ಮೈಯ ನೀರು ಅದನ್ನು ತೆಳುಮಾಡಿರುತ್ತದೆ. ಶೀಶೆಯಲ್ಲಿ ಗಾಳಿಗುಳ್ಳೆ ಉಳಿದರೆ ಅಲ್ಲಾಡಿದಾಗಲೆಲ್ಲ ಕಿವಿರು ಉದುರುತ್ತದೆ, ಕಂಠದವರೆಗೆ ತುಂಬಿ. ಫೋಟೊ ಜೀವ ಇರುವಾಗಲೇ, ಗ್ರಾಫ್ ಹಾಳೆಯ ಮೇಲಿಟ್ಟು ತೆಗೆಯಬೇಕು. ಹೊಟ್ಟೆಯ ಹಸಿರು, ಕೆಂಪು ಸ್ಪಿರಿಟ್ಟಿನಲ್ಲಿ ಒಂದು ವಾರ ನಿಲ್ಲುವುದಿಲ್ಲ.

ಚೀಟಿ ಶೀಶೆಯ ಒಳಗಿರಲಿ, ಪೆನ್ಸಿಲಿನಲ್ಲಿ ಬರೆದಿರಲಿ. ಜೆಲ್ ಪೆನ್ನಿನ ಶಾಯಿ ಕರಗಿ ಹುಳುವೂ ನೀಲಿಯಾಗುತ್ತದೆ. ಹಳ್ಳ, ಊರು, ತಾಲೂಕು, ಎತ್ತರ, ಹಿಡಿದ ದಿನ, ಕಲ್ಲಿನಡಿಯೋ ಎಲೆಯಡಿಯೋ, ಡಬ್ಬಿ ನಂಬರ್, ಸಬ್‌ಇಮ್ಯಾಗೊ ಆದ ಹೊತ್ತು, ಇಮ್ಯಾಗೊ ಆದ ಹೊತ್ತು, ಇಷ್ಟು ಒಂದು ಚೀಟಿಯಲ್ಲಿ. ಪೊರೆ ಪುಟ್ಟ ಶೀಶೆಗೆ, ಆ ಶೀಶೆ ಹುಳುವಿನ ದೊಡ್ಡ ಶೀಶೆಯೊಳಗೆ, ಎರಡಕ್ಕೂ ಅದೇ ನಂಬರ್.